ಹೆಸರು ಹಿಡಿದು ಕರೆಸುವ ತಾಯಣ್ಣ

ರಾಯಚೂರಿನ ಆಸ್ಪತ್ರೆಯೊಂದರ ಐಸಿಯು. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಮಿದುಳಿನ ಗಡ್ಡೆ ತೆಗೆಸಿಕೊಂಡ ಗಬ್ಬೂರಿನ ಕುರಿಗಾಹಿ ಮುದುಕಪ್ಪ ಅರಿವಳಿಕೆಯಿಂದ ಏಳಬೇಕು. ತಲೆದೆಸೆ ಎತ್ತರಿಸಿದ ಮಂಚದ ಪಕ್ಕ ತಾಯಣ್ಣ ರೋಗಿಯ ಕೈ ಹಿಡಿದು ನಿಂತಿದ್ದಾರೆ. ಮುದುಕಪ್ಪನ ಹೆಂಡತಿ ಬಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿದ್ದಾರೆ.

ತಾಯಣ್ಣ ಮಾನ್ವಿಯವರು. ಮೀಸೆ ನರೆತರೂ ಎಲ್ಲರಿಗೂ ಇನ್ನೂ ‘ವಾರ್ಡ್‌ಬಾಯ್’. ಮೊದಲ ಬಸ್ಸಿಗೆ ಬಂದು ಹೊಲಸು ಬಳಿಯುವ, ಹಾಸಿಗೆ ಬದಲಿಸುವ ಈ ಮನುಷ್ಯನ ಇನ್ನೊಂದು ಕೆಲಸ ಯಾವ ಬೋರ್ಡಿನ ಮೇಲೂ ಇಲ್ಲ. ರೋಗಿಯನ್ನು ಹೆದರಿಸದೆ ಎಬ್ಬಿಸುವ ಕೆಲಸವದು. ಅರಿವಳಿಕೆ ಇಳಿಯುವಾಗ ಮಿದುಳಿಗೆ ರಕ್ತದ ಹರಿವು ಒಮ್ಮೆಲೇ ಹೆಚ್ಚಬಹುದು. ಆಗ ರೋಗಿ ಗಾಬರಿಯಾಗಿ ಕೊಸರಾಡಿದರೆ ಕೊಯ್ದ ಜಾಗದಲ್ಲಿ ರಕ್ತ ಒಸರುವ ಭಯ.

“ಕಾಲುವಿಗೆ ಒಮ್ಮಿಗೇ ನೀರು ಬಿಟ್ರ ಹಸಿ ಒಡ್ಡು ತಡೀತದೇನ್ರೀ? ಅದಕ್ಕ ಮನಿಯವರ ಕೈಲಿ ಮೆಲ್ಲಕ ಹೆಸರು ಹಿಡಿದು ಕರಸ್ತೀನಿ. ಗುರ್ತಿನ ದನಿ ಕೇಳಿದ್ರ ಅಂಜಂಗಿಲ್ಲ,” ಎಂದು ತಮ್ಮ ಬಗ್ಗೆ ಬರೆಯಲು ಬಂದ ನನಗೆ ತಾಯಣ್ಣ ಹೇಳುತ್ತಾರೆ.

ಆದರೆ ಇವತ್ತು ಬಾಲಮ್ಮ ಸುತಾರಾಂ ಒಪ್ಪುತ್ತಿಲ್ಲ. “ಗಂಡನ ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಗ್ತದ ಯಪ್ಪಾ, ನಾ ಒಲ್ಲೆ.” ‘ಬೀರೇಶನ ಅಪ್ಪಾ’ ಎಂದು ಮಗನ ಹೆಸರು ಸೇರಿಸಿ ಕರೆಯುತ್ತಾರೆ. ಮುದುಕಪ್ಪ ಮಿಸುಕುವುದಿಲ್ಲ.

“ಏನೂ ಆಗಂಗಿಲ್ಲ ಯವ್ವಾ. ನನ್ನ ಮಾತು ಕೇಳು, ಒಮ್ಮಿ ಕರಿ.” ತಾಯಣ್ಣ ಆಕೆಯನ್ನು ಮಂಚದ ಬಳಿ ಕರೆತಂದು ಗಂಡನ ಕೈ ಹಿಡಿಸುತ್ತಾರೆ.

ಮದುವೆಯಾದಾಗಿನಿಂದ ಮೊದಲ ಸಲ ಆ ಹೆಸರು ಆಕೆಯ ಬಾಯಿಂದ ಹೊರಡುತ್ತದೆ. “ಮುದುಕಪ್ಪಾ...” ಅವರು ಕಣ್ಣು ಬಿಡುತ್ತಾರೆ, ಹೆಂಡತಿಯ ಬೆರಳು ಹಿಸುಕುತ್ತಾರೆ. ನರ್ಸ್ ಜಾಹೆದಾ ಉಸಿರು ಬಿಟ್ಟು ನಗುತ್ತಾರೆ.

ಬಿಸಿಲೇರುವಷ್ಟರಲ್ಲಿ ಎಲ್ಲ ಕೆಡುತ್ತದೆ. ಮುದುಕಪ್ಪನ ಮಾತು ತೊದಲುತ್ತದೆ, ಕಣ್ಣುಗಳು ಮತ್ತೆ ಮುಚ್ಚುತ್ತವೆ. ಒಳಗೆ ರಕ್ತ ಒಸರಿದೆ. ಎಷ್ಟು ಜೋಪಾನ ಮಾಡಿದರೂ ಕೆಲವರಿಗೆ ಹೀಗಾಗುತ್ತದೆ ಎನ್ನುತ್ತಾ ಡಾಕ್ಟರು ಮತ್ತೆ ಆಪರೇಷನ್ನಿಗೆ ಒಯ್ಯುತ್ತಾರೆ.

ಹೊರಗೆ ಗೋಡೆಗೊರಗಿದ ಬಾಲಮ್ಮ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾರೆ. “ನಾನ ಕೊಂದೆ! ಹೆಸರು ಹೇಳಿ ನಾನ ಕೊಂದೆ!”

ತಾಯಣ್ಣ ಆ ಕೈ ಹಿಡಿಯುತ್ತಾರೆ. “ನಿನ್ನಿಂದ ಅಲ್ಲ ಯವ್ವಾ. ನೀ ಕರದದ್ದಕ್ಕ ಕಣ್ಣು ಬಿಟ್ಟಾನ.” ಆಕೆ ಕೈ ಕೊಸರಿಕೊಂಡು ಮುಖ ತಿರುಗಿಸುತ್ತಾರೆ.

ಪಾಳಿ ಮುಗಿದಿದೆ. ಮಾನ್ವಿ ಬಸ್ಸು ಹೋಗಿಯೂ ಆಯಿತು. ತಾಯಣ್ಣ ಅಲ್ಲೇ ನೆಲದ ಮೇಲೆ, ಬಾಲಮ್ಮನಿಂದ ತುಸು ದೂರ ಕುಳಿತಿದ್ದಾರೆ. ಆಪರೇಷನ್ ಥಿಯೇಟರಿನ ಬಾಗಿಲು ಇನ್ನೂ ತೆರೆದಿಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಲು ನನಗೇ ನಾಚಿಕೆ. ಆದರೂ ಕೇಳುತ್ತೇನೆ.

“ಅವ ಬದುಕ್ಲಿ ಅಂತ ಎಲ್ಲಾರೂ ಬೇಡಾಕತ್ತಾರ್ರೀ,” ಎನ್ನುತ್ತಾರೆ. “ಉಳೀಲಿಲ್ಲಂದ್ರ, ಆಕಿ ನನ್ನ ಬೈಲಿ. ಕರಿ ಅಂದಾವ ನಾನು. ತನ್ನ ಬಾಯಿಗಿ ಬಡ್ಕೊಳ್ಳೂದು ಬಿಟ್ರ ಸಾಕು.”