ದೊಡ್ಡಕ್ಕನ ಸೀಸೆಯಲ್ಲಿ ಸಾಯದ ಕೋಶಗಳು

ಪ್ರಯೋಗಾಲಯದವರೆಲ್ಲ ಆಕೆಯನ್ನು ದೊಡ್ಡಕ್ಕ ಎನ್ನುತ್ತಿದ್ದರು. ರಕ್ತದ ಕ್ಯಾನ್ಸರಿನ ಕೋಶಗಳನ್ನು ಸೀಸೆಗಳಲ್ಲಿ ಸಾಕುವುದು, ಪರೀಕ್ಷೆಗೆ ಬಂದ ಹೊಸ ಕೀಮೋ ಔಷಧಿ ಹಾಕಿ ಎಷ್ಟು ಸತ್ತವೆಂದು ಎಣಿಸುವುದು ಆಕೆಯ ಹತ್ತೊಂಬತ್ತು ವರ್ಷದ ಕೆಲಸ. ಕೈಗುಣಕ್ಕೆ ಹೆಸರಾದವಳು, ಬೇರೆಯವರ ಕೈಯಲ್ಲಿ ಸೊರಗಿದ ಕೋಶಗಳು ಆಕೆಯ ಹತ್ತಿರ ಚೇತರಿಸಿಕೊಳ್ಳುತ್ತಿದ್ದವು. ಗುಟ್ಟು ಇಷ್ಟೇ: ಪೋಷಕ ದ್ರವ ಬದಲಿಸುವಾಗ ಹಳೆಯದನ್ನು ಪೂರ್ತಿ ಚೆಲ್ಲದೆ ಅರ್ಧ ಉಳಿಸುತ್ತಿದ್ದಳು. ಒಗ್ಗಿದ ನೀರು ತಪ್ಪಿಸಬಾರದೆಂದು ಆಕೆಯ ವಾದ, ಕೋಶಗಳೇನೋ ಆಕೆಯೇ ಹೆತ್ತ ಮಕ್ಕಳೆಂಬಂತೆ.

ಪಕ್ಕದ ಕೋಣೆಯಿಂದ ವರ್ಗವಾಗಿ ಬಂದ ಹೊಸಬಳಿಗೆ ಅಂಥ ಮಮಕಾರವಿರಲಿಲ್ಲ. ಹಳೆಯದನ್ನೆಲ್ಲ ಚೆಲ್ಲಿ ಹೊಸದು ತುಂಬುತ್ತಿದ್ದಳು. ಅದೇ ಔಷಧಿ, ಅದೇ ಪ್ರಮಾಣ. ಅವಳ ಸೀಸೆಯಲ್ಲಿ ಕೋಶಗಳು ರಾಶಿರಾಶಿ ಸತ್ತವು, ದೊಡ್ಡಕ್ಕನ ಸೀಸೆಯಲ್ಲಿ ಮುಕ್ಕಾಲು ಪಾಲು ಬದುಕಿದವು.

"ಅಕ್ಕಾ, ಔಷಧಿ ಹಾಕೋದೇನಾದ್ರೂ ಮರ್ತುಹೋಯ್ತಾ?" ಎಂದಳು ಹೊಸಬಳು, ಬಲು ಮೆತ್ತಗೆ.

ಆ ಮೆತ್ತಗಿನ ದನಿಯೇ ದೊಡ್ಡಕ್ಕನ ಮೈ ಉರಿಸಿತು. ಇವಳೇ ಏನೋ ಕಿತಾಪತಿ ಮಾಡಿದ್ದಾಳೆ, ನನ್ನ ಜಾಗದ ಮೇಲೆ ಕಣ್ಣಿಟ್ಟಿದ್ದಾಳೆ! ಯಾರಾದರೂ ತೆಗೆದರೆ ಗೊತ್ತಾಗಲೆಂದು ತನ್ನ ಸೀಸೆಗಳಿದ್ದ ಕಪಾಟಿನ ಬಾಗಿಲಿಗೆ ಕಾಗದದ ಪಟ್ಟಿ ಅಂಟಿಸಿ ಸಹಿ ಹಾಕಿದಳು. ಊಟಕ್ಕೂ ಏಳದೆ ಕಾದಳು. ಹೊಸಬಳು ಕೆಮ್ಮಿದರೂ ಅನುಮಾನ. ಪಟ್ಟಿ ಹರಿಯಲಿಲ್ಲ, ಕೋಶಗಳು ಮತ್ತೆ ಬದುಕಿದವು. ಮುಖ್ಯಸ್ಥರು ದೊಡ್ಡಕ್ಕನನ್ನು ಕರೆದು, "ಮುಂದಿನ ವಾರದಿಂದ ಔಷಧಿ ಕೆಲಸ ಹೊಸಬರೇ ನೋಡ್ಕೊಳ್ಲಿ" ಎಂದರು. ಹತ್ತೊಂಬತ್ತು ವರ್ಷದ ಹೆಸರು ಮಣ್ಣುಪಾಲಾಗುವುದರಲ್ಲಿತ್ತು.

"ಒಂದ್ಸಲ ಇಬ್ರೂ ಒಂದೇ ಮೇಜಲ್ಲಿ ಕೂತು ಮಾಡ್ತೀವಿ ಸಾರ್. ಅವಳ ಕಣ್ಣೆದುರೇ ಹಾಕ್ತೀನಿ."

ಔಷಧಿ ಬಿದ್ದದ್ದನ್ನು ಹೊಸಬಳು ಕಣ್ಣಾರೆ ಕಂಡಳು. ಅದಕ್ಕೂ ಮೊದಲು ಇನ್ನೊಂದನ್ನೂ ಕಂಡಿದ್ದಳು. "ಅಕ್ಕಾ, ಹಳೇದು ಅರ್ಧ ಯಾಕೆ ಬಿಟ್ರಿ?"

ಆ ಹಳೆಯ ದ್ರವವನ್ನೇ ಹೊಸಬಳ ಸೀಸೆಗೂ ಬೆರೆಸಿ ನೋಡಿದರು. ಮೂರನೆಯ ದಿನ ಅವಳ ಕೋಶಗಳೂ ಬದುಕಿದ್ದವು. ಪರೀಕ್ಷಿಸಿದಾಗ ತಿಳಿಯಿತು: ಕೋಶಗಳೇ ಹೊರಬಿಟ್ಟ ಒಂದು ಸಹಜ ವಸ್ತು ಆ ದ್ರವದಲ್ಲಿತ್ತು. ಅದರ ರಚನೆ ಹೆಚ್ಚುಕಡಿಮೆ ಔಷಧಿಯದ್ದೇ. ಕೋಶದಲ್ಲಿ ಔಷಧಿ ಹೋಗಿ ಕೂರಬೇಕಾದ ಜಾಗವನ್ನು ಅದೇ ಹಿಡಿದುಕೊಂಡು ವಿಷ ತಾಗದಂತೆ ಮಾಡುತ್ತಿತ್ತು.

"ಸದ್ಯ, ನಿಮ್ಮ ಮೇಲಿನ ಅನುಮಾನ ಹೋಯ್ತು" ಎಂದು ಮುಖ್ಯಸ್ಥರು ನಕ್ಕರು.

ದೊಡ್ಡಕ್ಕ ನಗಲಿಲ್ಲ. "ನನ್ನ ಎಣಿಕೆ ನಂಬಿ, ಕೆಲಸಕ್ಕೆ ಬರಲ್ಲ ಅಂತ ಕೈಬಿಟ್ಟ ಔಷಧಿ ಎಷ್ಟಿದ್ವು ಸಾರ್?"

ಅವರ ನಗು ನಿಂತಿತು. "ಹನ್ನೊಂದು."

"ಹನ್ನೊಂದನ್ನೂ ಮತ್ತೆ ಮಾಡ್ತೀನಿ. ಇವಳು ಪಕ್ಕದಲ್ಲೇ ಕೂತು ನನ್ನ ಕೈ ನೋಡ್ತಾ ಇರ್ಲಿ."