ಅತ್ತೆ ತುಂಬಿಕೊಟ್ಟ ಬಾಟಲಿ

"ಇದು ಬಾವಿ ನೀರು ಅಲ್ರೀ. ಇದರಾಗ ಉಪ್ಪಿನ ಅಂಶನ ಇಲ್ಲ," ಎಂದು ಬಾಟಲಿಗೆ ಮೀಟರ್ ಅದ್ದಿದ ಸಂಶೋಧಕಿ ಹುಬ್ಬೇರಿಸಿದಳು. ನನ್ನ ಅತ್ತೆ ಸೆರಗು ಸರಿಮಾಡಿಕೊಂಡರು. ಆ ಹುಡುಗಿ ಕೇಳಿದ್ದು ನಮ್ಮ ಸವಳು ಬಾವಿಯ ನೀರು, ಇವರು ತುಂಬಿಕೊಟ್ಟದ್ದು ಊರಿನ ಫಿಲ್ಟರ್ ನೀರು.

"ಮನಿಗೆ ಬಂದಾಕಿಗೆ ಅನುಮಾನದ ನೀರು ಹೆಂಗ ಕೊಡ್ಲಿ ತಂಗಿ?"

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೈಲಹೊಂಗಲದ ಈ ಕಡೆ ಅವಳು ಬಂದದ್ದೇ ಆ ಅನುಮಾನಕ್ಕಾಗಿ. ನಮ್ಮ ಹೊಲದ ಮೇಲ್ಗಡೆ ಎಥೆನಾಲ್ ಘಟಕದ ಹೊಂಡ ಬಂದಮೇಲೆ, ಅದರ ಹೊಲಸು ನೀರು ಬಸಿದು ಬಾವಿ ಸೇರೀತೆಂದು ಹೆದರಿ ನಾವು ಬಾವಿ ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ಬಿಸಿಲಿಗೆ ಆವಿಯಾಗುತ್ತ ನಿಂತ ಹೊಂಡದ ನೀರಿನಲ್ಲಿ ಭಾರದ ಐಸೊಟೋಪುಗಳ, ಅಂದರೆ ತುಸು ತೂಕ ಹೆಚ್ಚಿರುವ ಪರಮಾಣುಗಳ, ಪಾಲು ಹೆಚ್ಚುತ್ತದಂತೆ. ಬಾವಿಯಲ್ಲೂ ಆ ಗುರುತು ಸಿಕ್ಕರೆ ಹೊಂಡದ ನೀರು ಬಂದಿದೆ ಎಂದರ್ಥ. ಕಡೆಗೆ ಅವಳೇ ಹಗ್ಗ ಬಿಟ್ಟು ಬಾವಿ ನೀರು ಸೇದಿ ಒಯ್ದಳು.

ಮೊನ್ನೆ ಮತ್ತೆ ಬಂದಳು. "ಹೊಂಡದ ಗುರುತು ಸಿಗಲಿಲ್ರೀ ಅಮ್ಮಾರ. ಉಳಿದ ಪರೀಕ್ಷಾನೂ ಚಲೋ ಬಂದಾವು. ಆರಾಮ ಕುಡೀರಿ."

ಅತ್ತೆ ಕೊಡ ಎತ್ತಿಕೊಂಡು ಬಾವಿಗೆ ಹೋದರು. ಮೊದಲ ತಂಬಿಗೆ ನೀರು, ಜೊತೆಗೊಂದು ಬೆಲ್ಲದ ಚೂರು ಅವಳಿಗೇ ಕೊಟ್ಟರು. ಅವಳು ಅಷ್ಟೂ ಕುಡಿದಳು.

ಫಿಲ್ಟರ್ ಕ್ಯಾನು ಈಗ ಮೂಲೆ ಸೇರಿದೆ. ನೀರು ಸವಳೆಂದು ಬಂದವರು ಮುಖ ಸಿಂಡರಿಸಿದರೆ ಅತ್ತೆ, "ಸವಳು ನಮ್ಮ ಬಾವಿದ ಐತಿ, ಪರೀಕ್ಷಾ ಆಗೇತಿ," ಎಂದು ಇನ್ನೊಂದು ತಂಬಿಗೆ ಮುಂದಿಡುತ್ತಾರೆ.