ಹಿಂದಿನ ಮನೆಯ ಹುಡುಗಿಯ ಒಡಪು

ಮೊನ್ನೆ ಔಷಧಿ ಡಬ್ಬಿ ಸ್ವಚ್ಛ ಮಾಡಲು ಕುಳಿತಿದ್ದೆ. ಲವಂಗದ ಎಣ್ಣೆಯ ಪುಟ್ಟ ಬಾಟಲಿಯ ಮುಚ್ಚಳ ಸಡಿಲಾಗಿತ್ತು, ಎತ್ತಿದ ಕೂಡಲೇ ಬೆರಳೆಲ್ಲ ಎಣ್ಣೆ. ಸೋಪು ಹಚ್ಚಿ ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಅನ್ನ ಕಲಸಿದರೆ ಲವಂಗ, ಫೋನು ಕಿವಿಗಿಟ್ಟರೆ ಲವಂಗ. ಮಧ್ಯಾಹ್ನದ ಹೊತ್ತಿಗೆ ಕೆಲಸವನ್ನೆಲ್ಲ ಬಿಟ್ಟು ಸುಮ್ಮನೆ ಕುಳಿತುಬಿಟ್ಟೆ. ನನ್ನ ಪಾಲಿಗೆ ಅದು ಔಷಧಿಯ ವಾಸನೆಯಲ್ಲ, ಒಬ್ಬ ಹುಡುಗಿಯ ವಾಸನೆ...

ನಮ್ಮ ಹಿಂದಿನ ಮನೆಯ ಹುಡುಗಿ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅವರ ಬಚ್ಚಲಿಗೂ ನಮ್ಮ ಅಡುಗೆಮನೆಗೂ ಒಂದೇ ಗೋಡೆ. ಹೆಸರು ಬರೆಯುವುದಿಲ್ಲ, ಕೇಳಬೇಡಿ. ಆಗ ಅವಳಿಗೆ ಇಪ್ಪತ್ತೈದರ ಒಳಗೇ ವಯಸ್ಸು. ಸೀರೆ ಅಂಗಡಿಯಲ್ಲಿ ಕೆಲಸ. ಬಾಯಿ ಅಂದರೆ ಅದು ಬಾಯಿ! ಬರೀ ನೋಡಿ ಬರುತ್ತೇನೆಂದು ಹೋದ ನನಗೆ ಎರಡು ಸೀರೆ ಕಟ್ಟಿಸಿ, "ವೈನಿ, ಅಣ್ಣಾರು ಬೈದ್ರ ನನ್ನ ಹೆಸರು ಹೇಳ್ರಿ, ನಾ ಬಂದು ಅವರಿಗೂ ಒಂದು ಧೋತರ ಮಾರ್ತೇನಿ" ಎಂದು ಕಳಿಸಿದವಳು.

ಓಣಿಯಲ್ಲಿ ಅವಳು ಹೆಸರು ಮಾಡಿದ್ದು ಮಾತ್ರ ಒಡಪಿನಿಂದ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆ ಕಡೆಯವರು ಓದುತ್ತಿದ್ದರೆ ಹೇಳುತ್ತೇನೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಮದುಮಗಳು ಗಂಡನ ಮನೆಗೆ ಮೊದಲ ಸಲ ಬಂದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಒಡಪು ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಹೇಳಿದ ಮೇಲೂ ಸುಮ್ಮನೆ ಬಿಡುವುದಿಲ್ಲ, ಕೇಳಿಸಲಿಲ್ಲ ಎಂದು ಮತ್ತೆ ಮತ್ತೆ ಹೇಳಿಸಿ ಮಜಾ ತೆಗೆದುಕೊಳ್ಳುತ್ತಾರೆ. ಓಣಿಯಲ್ಲಿ ಯಾರ ಮದುವೆ ಗೊತ್ತಾದರೂ ಹುಡುಗಿಯರು ಇವಳ ಹತ್ತಿರ ಬರುತ್ತಿದ್ದರು. ಬಸ್ ಡ್ರೈವರನ್ನು ಮದುವೆಯಾದ ನನ್ನ ನಾದಿನಿಗೆ ನಿಂತ ಕಾಲಲ್ಲೇ ಕಟ್ಟಿಕೊಟ್ಟಿದ್ದಳು:

"ಹಳೇ ಹುಬ್ಬಳ್ಳ್ಯಾಗ ಹತ್ತಿದೆ, ಧಾರವಾಡದಾಗ ಇಳದೆ,
ಟಿಕೀಟ ಕೇಳದ ಸೀಟ ಕೊಟ್ಟ ಶಿವಾನಂದರ ಕೈ ಹಿಡದೆ."

ಇಂಥವಳಿಗೆ ಗಂಡು ಗೊತ್ತಾಯಿತು. ಹುಡುಗ ಧಾರವಾಡದ ಆಚೆಯ ಮುಗದ ಎಂಬ ಹಳ್ಳಿಯವನು, ಒಕ್ಕಲುತನದ ಮನೆ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಅವನ ಹೆಸರನ್ನೂ ಬರೆಯುವುದಿಲ್ಲ. ನಾಲಿಗೆ ಮೇಲೆ ಕೆಳಗೆ ಹೊರಳದೆ ಬಾಯಿಂದ ಹೊರಡದಂಥ ಹೆಸರು ಎಂದಷ್ಟೇ ತಿಳಿಯಿರಿ. "ನಿನ್ನ ಒಡಪು ಎಷ್ಟು ಸಾಲಿಂದು?" ಎಂದು ಕೇಳಿದರೆ, "ಮುಗದದ ಮಂದಿ ನಿಂತು ನಿಂತು ಕಾಲು ನೋಯಿಸಿಕೊಂಡು ತಾವೇ ಕೂಡಬೇಕು, ಅಷ್ಟು ಉದ್ದ" ಎನ್ನುತ್ತಿದ್ದಳು.

ಆ ಹೊತ್ತಿಗೇ ನಾಲಿಗೆಯ ಎಡಬದಿಗೆ ಒಂದು ಹುಣ್ಣಾಗಿತ್ತು. ಓಣಿಯ ಹೆಂಗಸರಾದ ನಾವೆಲ್ಲ ಡಾಕ್ಟರುಗಳೇ ತಾನೆ? ಉಷ್ಣ ಆಗಿದೆ ಅಂದೆವು. ತುಪ್ಪ ಹಚ್ಚು, ಮಜ್ಜಿಗೆ ಕುಡಿ, ಖಾರ ಬಿಡು. ಲವಂಗದ ಎಣ್ಣೆ ಕೊಟ್ಟವಳು ನಾನೇ. ಸದಾ ಆ ವಾಸನೆಯಲ್ಲೇ ಓಡಾಡಿಕೊಂಡಿದ್ದಳು. ವಾರಗಳು ತಿಂಗಳುಗಳಾದವು, ಹುಣ್ಣು ಮಾತ್ರ ಮಾಯಲಿಲ್ಲ. ಕಿವಿಯವರೆಗೆ ನೋವು ಏರತೊಡಗಿದ ಮೇಲೆ ಸತ್ತೂರಿನ ಆಸ್ಪತ್ರೆಗೆ ಹೋದಳು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್.

ಸಿಗರೇಟು, ಗುಟ್ಕಾ ಹಾಳಾಗಲಿ, ಊಟವಾದ ಮೇಲೆ ಅಡಿಕೆಯ ಹೋಳನ್ನೂ ಬಾಯಿಗೆ ಹಾಕಿದವಳಲ್ಲ. ಹಾಗಾದರೆ ಯಾಕೆ ಬಂತು ಎಂದು ಅವಳ ಅವ್ವ ಡಾಕ್ಟರರನ್ನು ಕೇಳಿದರಂತೆ. ಎಲ್ಲರಿಗೂ ಕಾರಣ ಸಿಗುವುದಿಲ್ಲ ಅಂದರಂತೆ ಅವರು. ನಮ್ಮ ಓಣಿಗೆ ಮಾತ್ರ ಕಾರಣ ಸಿಕ್ಕಿತ್ತು. "ಕದ್ದು ತಂಬಾಕ ತಿಂತಿದ್ಲೇನೋ, ಯಾರಿಗೆ ಗೊತ್ತು?" ನೀರು ಹಿಡಿಯುವ ಜಾಗದಲ್ಲಿ ಇದನ್ನು ಕೇಳಿ ನಾನು ಒಬ್ಬಳ ಜೊತೆ ಕೊಡ ಕುಕ್ಕಿ ಜಗಳ ಮಾಡಿದ್ದೇನೆ.

ಸುದ್ದಿ ಮುಗದಕ್ಕೂ ಹೋಯಿತು. ಆಗಬೇಕಿದ್ದ ಅತ್ತೆ ಒಬ್ಬರೇ ಬಸ್ಸು ಹತ್ತಿ ಬಂದರು. ಗಟ್ಟಿ ಆಳು, ಇಳಕಲ್ ಸೀರೆ, ಬಾಯಿ ತುಂಬ ಎಲೆ ಅಡಿಕೆ ತಂಬಾಕು. ಸಂಬಂಧ ಮುರಿಯಲು ಬಂದಿದ್ದಾರೆಂದು ನಾನೂ ಹೋಗಿ ಕುಳಿತೆ. ಅವರು ಚಹಾ ಮುಟ್ಟಲಿಲ್ಲ.

"ಖರೇ ಹೇಳವ್ವಾ. ನಿನಗ ಚಟಾ ಇತ್ತೇನು?"

ಇವಳು ಎದ್ದು ಅವರ ಮುಂದೆ ಮಂಡಿಯೂರಿ ಕುಳಿತು ಬಾಯಿ ತೆರೆದಳು. "ನೋಡ್ರಿ. ಹಲ್ಲೂ ನೋಡ್ರಿ, ಹುಣ್ಣೂ ನೋಡ್ರಿ."

ಹುಡುಗನ ತಾಯಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಹೊರಗೆ ಹೋಗಿ ಬಾಯಲ್ಲಿದ್ದುದನ್ನೆಲ್ಲ ಉಗುಳಿ ಬಂದು, "ಹಂಗಾರ ಇದು ನನಗ ಬರಬೇಕಿತ್ತು. ನಿನಗ ಯಾಕ ಬಂತು?" ಅಂದರು. ಅಷ್ಟೇ. ಮದುವೆಯ ವಿಷಯ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟೇಹೋದರು.

ನಾಲಿಗೆಯ ಒಂದು ಭಾಗ ತೆಗೆಯಬೇಕು, ಮಾತು ಮೊದಲಿನ ಹಾಗೆ ಇರುವುದಿಲ್ಲ ಎಂದು ಡಾಕ್ಟರರು ಮೊದಲೇ ಹೇಳಿದ್ದರು. ನಾನೊಂದು ಜಾಣತನ ತೋರಿಸಿದೆ. ಆಪರೇಷನ್ನಿಗೆ ಮೊದಲೇ ಫೋನಿನಲ್ಲಿ ಒಡಪು ಹೇಳಿಡು, ಮದುವೆ ದಿನ ಬಾಗಿಲಲ್ಲಿ ಹಚ್ಚಿದರಾಯಿತು ಅಂದೆ. ಅವಳ ಅವ್ವನಿಗೂ ಇದು ಪಸಂದಾಯಿತು. ಆದರೆ ಅವಳಿಗೆ?

"ರೆಕಾರ್ಡ್ ಹಚ್ಚಾಕ ನಾ ಏನು ಬಸ್‌ಸ್ಟ್ಯಾಂಡಿನ್ಯಾಗ ಕೂಗಾಕೀನೇನ್ರಿ ವೈನಿ? 'ಮುಗದಕ್ಕೆ ಹೋಗುವ ಮದುಮಗಳು ಪ್ಲಾಟ್‌ಫಾರ್ಮ್ ಮೂರಕ್ಕೆ ಬಂದಿರುತ್ತಾಳೆ!'" ಎಂದು ಮೂಗು ಹಿಡಿದುಕೊಂಡು ಕೂಗಿದಳು. ನಕ್ಕು ನಕ್ಕು ಸಾಕಾಯಿತು. ಅದೇ ನಾನು ಕೇಳಿದ ಕೊನೆಯ... ಅಂದರೆ, ಆ ದನಿಯಲ್ಲಿ ಕೇಳಿದ ಕೊನೆಯ ಮಾತು.

ಆಪರೇಷನ್ ಆಯಿತು, ಮೇಲೆ ಕರೆಂಟು ಕೊಡುವುದು ಅನ್ನುತ್ತಾರಲ್ಲ, ಆ ರೇಡಿಯೇಶನ್ ಚಿಕಿತ್ಸೆಯೂ ಆಯಿತು. ಕುತ್ತಿಗೆಗೆ ಉದ್ದನೆಯ ಗಾಯ, ಮುಖ ಅರ್ಧವಾಗಿತ್ತು. ಬಹಳ ದಿನ ಬರೀ ಸನ್ನೆ. ಓಣಿಯವರು ಅವಳೆದುರು ನಿಧಾನವಾಗಿ, ದೊಡ್ಡ ದನಿಯಲ್ಲಿ ಮಾತಾಡತೊಡಗಿದರು, ಅವಳ ಕಿವಿಗೇನೋ ಆಗಿದೆ ಅನ್ನುವಂತೆ.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಗೋಡೆಯ ಆಚೆ ಬಚ್ಚಲಲ್ಲಿ ನಳ ಜೋರಾಗಿ ಬಿಟ್ಟ ಸದ್ದು. ನೀರಿನ ಸದ್ದಿನ ಕೆಳಗೆ ಇನ್ನೊಂದು ಸದ್ದು. ಕೈ ನಿಲ್ಲಿಸಿದೆ. ಅವಳು ಏನೋ ಅನ್ನುತ್ತಿದ್ದಳು. ನಿಲ್ಲಿಸುತ್ತಿದ್ದಳು, ಉಗುಳುತ್ತಿದ್ದಳು, ಮತ್ತೆ ಅನ್ನುತ್ತಿದ್ದಳು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಗಂಟಲಲ್ಲಿ ಉರುಳಿ ಬಂದು ಹಲ್ಲಿನ ಹತ್ತಿರ ಮುರಿದು ಬೀಳುವ ಒಂದೇ ಒಂದು ಮಾತು. ಎಷ್ಟೋ ದಿನಗಳ ಮೇಲೆ ನನಗೆ ಹೊಳೆಯಿತು... ಅದು ಆ ಹುಡುಗನ ಹೆಸರು. ಮದುವೆ ಆಗುತ್ತದೋ ಇಲ್ಲವೋ ಯಾರಿಗೂ ಖಾತ್ರಿ ಇರಲಿಲ್ಲ. ಇವಳು ಮಾತ್ರ ನಳ ಬಿಟ್ಟುಕೊಂಡು, ಅವ್ವನಿಗೂ ಕೇಳದ ಹಾಗೆ, ಉಳಿದ ನಾಲಿಗೆಯಿಂದ ಆ ಹೆಸರನ್ನು ಕಟ್ಟುತ್ತಿದ್ದಳು. ನನ್ನ ರೊಟ್ಟಿ ಹೆಂಚಿನ ಮೇಲೆ ಕರಿದಾಗಿ ಹೋಗಿತ್ತು. ನಾನು ಯಾರಿಗೂ ಹೇಳಲಿಲ್ಲ.

ಮದುವೆ ಆಯಿತು! ಹುಡುಗ ಗಟ್ಟಿಯಾಗಿ ನಿಂತ. ಅತ್ತೆ ಆಗಲೂ ಮಾತಿಲ್ಲ, ಬಂದು ಅಕ್ಕಿಕಾಳು ಹಾಕಿ ಹೋದರು. ಮದುಮಗಳನ್ನು ಮನೆ ತುಂಬಿಸಲು ನಾವೆಲ್ಲ ಟೆಂಪೋ ಮಾಡಿಕೊಂಡು ಮುಗದಕ್ಕೆ ಹೋದೆವು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಬಾಗಿಲಲ್ಲಿ ಅವಳ ನಾದಿನಿ, ಹುಡುಗನ ಚಿಕ್ಕಮ್ಮಂದಿರು ಗುಂಪಾಗಿ ನಿಂತಿದ್ದರು. ಇವಳು ಹತ್ತಿರ ಬಂದದ್ದೇ ತಡ, ಎಲ್ಲರೂ ತಲೆ ತಗ್ಗಿಸಿ ಎರಡೂ ಕಡೆ ಸರಿದು ದಾರಿ ಬಿಟ್ಟರು.

"ಬರ್ರಿ ವೈನಿ, ಒಳಗ ಬರ್ರಿ. ದಣದೀರಿ" ಅಂದಳು ನಾದಿನಿ.

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೂ ಹಗುರವೆನಿಸಿತು, ಪಾರಾದಳಲ್ಲ ಎಂದು. ಇವಳು ಮಾತ್ರ ಕಾಲು ಎತ್ತಲಿಲ್ಲ.

"ಯಾಕ?" ಅಂದಳು. ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು. "ಯಾರೂ ಅಡ್ಡ ನಿಲ್ಲೂದಿಲ್ಲೇನು?"

"ಇರಲಿ ಬಿಡ್ರಿ, ನಿಮಗ್ಯಾಕ ತ್ರಾಸ..."

"ಎಷ್ಟು ಮಂದೀನ ನಾ ನಿಲ್ಲಿಸೇನಿ. ನನ್ನ ನಿಲ್ಲಿಸೋರು ಯಾರೂ ಇಲ್ಲೇನು? ನಿಲ್ರಿ."

ಅವಳ ಅವ್ವ ಹಿಂದಿನಿಂದ ಸೆರಗು ಜಗ್ಗಿದರು, ಹಟಾ ಮಾಡಬ್ಯಾಡ ಎಂದು ಅಳುತ್ತಿದ್ದರು. ಇವಳು ಬಿಸಿಲಲ್ಲಿ ಕಂಬದ ಹಾಗೆ ನಿಂತಿದ್ದಳು. ಆಗ ಒಳಗಿನಿಂದ ಹೆಂಗಸರನ್ನು ಸರಿಸಿಕೊಂಡು ಅತ್ತೆ ಬಂದರು. ಎರಡೂ ಕೈ ಚಾಚಿ ಚೌಕಟ್ಟು ಹಿಡಿದು, ಬಾಗಿಲ ತುಂಬ ನಿಂತರು.

"ನಾ ನಿಂತೇನಿ. ಹೇಳ."

ಅವಳು ಹೇಳಿದಳು. ಉದ್ದವೇ ಇತ್ತು, ಮೊದಲೇ ಹೇಳಿದ ಹಾಗೆ. ಅರ್ಧ ನಮಗೆ ತಿಳಿಯಲಿಲ್ಲ. ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು, ಸೆರಗಿನಿಂದ ಒರೆಸಿಕೊಂಡು ಮುಂದುವರಿಸಿದಳು. ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೆ ಆ ಹೆಸರು ಬಂತು. ಗೋಡೆಯ ಈಚೆ ನಿಂತು ದಿನಾ ಕೇಳಿದವಳು ನಾನು, ನನಗೆ ತಿಳಿಯಿತು.

ಅತ್ತೆ ಅಂದರು, "ಕೇಳಸಲಿಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿ ಬಿಡುವವಳಿದ್ದೆ, ಅಷ್ಟರಲ್ಲಿ ಅವರೇ, "ಏನವ್ವಾ, ಹುಬ್ಬಳ್ಳ್ಯಾಗ ಇಷ್ಟ ಸಣ್ಣ ದನಿಲೇ ಹೇಳ್ತಾರೇನು ಒಡಪು? ಜೋರ ಹೇಳ! ನನ್ನ ಮಗನ ಹೆಸರು ಹೊಲದಾಗಿನ ಮಂದಿಗೆ ಕೇಳಬೇಕು" ಅಂದರು.

ಆಗ ನೋಡಬೇಕಿತ್ತು ಆ ಮುಖವನ್ನು. ನಗು ಒಂದೇ ಬದಿಗೆ ಏರುತ್ತಿತ್ತು, ಆದರೂ ನಾನು ಅಷ್ಟು ದೊಡ್ಡ ನಗು ನೋಡಿಲ್ಲ. ಎದೆ ತುಂಬ ಉಸಿರು ಎಳೆದುಕೊಂಡು ಮತ್ತೆ ಮೊದಲಿನಿಂದ ಹೇಳಿದಳು. ಹೇಳಿದ್ದಲ್ಲ, ಕೂಗಿದಳು. ದನ ಕಟ್ಟುತ್ತಿದ್ದವರು ತಿರುಗಿ ನೋಡಿದರು. ಮುಗಿದ ಕೂಡಲೇ ನಾದಿನಿ ಕಣ್ಣೊರೆಸಿಕೊಂಡು, "ನನಗೂ ಕೇಳಸಲಿಲ್ಲ ನೋಡ್ರಿ" ಅಂದಳು. ಚಿಕ್ಕಮ್ಮಂದಿರು "ನಮಗೂ, ನಮಗೂ" ಅಂದರು. ಇನ್ನೊಮ್ಮೆ. ಮತ್ತೊಮ್ಮೆ. ಪಕ್ಕದಲ್ಲಿ ನಿಂತಿದ್ದ ಮದುಮಗ, "ನನ್ನ ಹೆಸರು ಸವದ ಹೋದೀತು, ಬಿಡ್ರಿ ಇನ್ನ" ಅಂದಾಗಲೇ ಅತ್ತೆ ಚೌಕಟ್ಟಿನಿಂದ ಕೈ ತೆಗೆದದ್ದು. ಸೇರು ಒದ್ದು ಒಳಗೆ ಹೋದಳು. ಅಕ್ಕಿ ಎಷ್ಟು ದೂರ ಹೋಯಿತು ಅಂತೀರಿ! ಎಷ್ಟೋ ಮದುವೆ ನೋಡಿದ್ದೇನೆ, ಮದುಮಗಳೊಬ್ಬಳಿಗೆ ಕೈ ಮುಗಿಯಬೇಕೆನಿಸಿದ್ದು ಅದೊಂದೇ ಸಲ.

ಆ ಒಡಪನ್ನು ಯಾರೂ ಫೋನಿನಲ್ಲಿ ಹಿಡಿಯಲಿಲ್ಲ. ಸಂಕೋಚಕ್ಕೆ ಎಲ್ಲರೂ ಫೋನು ಒಳಗಿಟ್ಟುಕೊಂಡಿದ್ದರು. ನಡುವಿನ ಸಾಲುಗಳಲ್ಲಿ ಏನಿತ್ತು ಎಂದು ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತೇವೆ. ನನಗೆ ಕೆರೆ ಎಂದು ಕೇಳಿದ ನೆನಪು, ಅವಳ ಅವ್ವನಿಗೆ ಸೀರೆ ಎಂದು... ಆಮೇಲೆ ಒಂದು ಪಂಚಮಿಗೆ ತವರಿಗೆ ಬಂದಾಗ ಅವಳನ್ನೇ ಕೇಳಿದೆ. "ಅದು ಒಳಗ ಹೋಗಾಕ ಹೇಳಿದ್ದು ವೈನಿ. ಹೋದ್ನಲ್ಲ, ಮುಗೀತು" ಅಂದಳು.

ಕೆಲವು ವರ್ಷ ಚೆನ್ನಾಗಿಯೇ ಇದ್ದಳು. ಆಮೇಲೆ ಕುತ್ತಿಗೆಯಲ್ಲಿ ಮತ್ತೆ ಗಂಟು ಕಾಣಿಸಿತು. ಈ ಸಲ ಅದು ಅವಳನ್ನು ಬಿಡಲಿಲ್ಲ. ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ, ಬೈದರೂ ಬೈಯಿರಿ. ಬಾಯಲ್ಲಿ ಮಾಯದ ಹುಣ್ಣಿದ್ದರೆ ನನ್ನಂಥವರ ಮಾತು ಕೇಳಬೇಡಿ, ಚಟ ಇರಲಿ ಬಿಡಲಿ ಡಾಕ್ಟರಿಗೆ ತೋರಿಸಿ.

ಮೊನ್ನೆ ಆ ವಾಸನೆ ಮೂಗಿಗೆ ಹತ್ತಿದ ಮರುದಿನ ಮನಸ್ಸು ತಡೆಯದೆ ಮುಗದದ ಬಸ್ಸು ಹತ್ತಿದೆ. ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು, ಮಗ ಕೆಲಸಕ್ಕೆ ಹೋಗಿದ್ದ. ಗುರುತು ಹಿಡಿದು ಕೂಡಿಸಿ ಚಹಾ ಕೊಟ್ಟರು. ನಾನು ಗೊತ್ತಲ್ಲ, ಬಸ್ಸಿನ ಕಥೆ, ಮಳೆಯ ಕಥೆ, ನನ್ನ ಸೊಂಟದ ಕಥೆ ಎಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಸಾವಕಾಶ ಹೇಳವ್ವಾ" ಅಂದರು. "ಅಕೀ ಮಾತು ಕೇಳಿ ಕೇಳಿ ರೂಢಿ ಆಗೇತಿ. ಈಗ ಎಲ್ಲಾರೂ ಭಾಳ ಲಗೂ ಮಾತಾಡ್ತಾರ ಅನಸ್ತೈತಿ. ನನಗ ತಿಳ್ಯೂದಽ ಇಲ್ಲ."

ನಾನು ನಿಧಾನಕ್ಕೆ ಮಾತಾಡಿದೆ. ಆದಷ್ಟು ನಿಧಾನಕ್ಕೆ. ಅವರು ತಲೆಯಾಡಿಸಿದರು, ನಡುನಡುವೆ ಹೂಂ ಅಂದರು. ಆದರೆ ನೋಟ ನನ್ನ ಬಾಯಿಯನ್ನು ಬಿಟ್ಟು ಆಗಲೇ ಬಾಗಿಲ ಹೊರಗೆ, ಅಂದು ಅವಳು ನಿಂತು ಕೂಗಿದ ಜಾಗಕ್ಕೆ ಹೋಗಿತ್ತು...